ಒತ್ತು

ಕಡತದ ನಂಬರು ಮೂವತ್ತೊಂದು ಬಾರ್ ಎರಡು.
ಕೆಂಪು ದಾರ ಬಿಚ್ಚಿದರೆ ಬೆಳ್ಳಗಿನ ಹುಳವೊಂದು
ಪುಟದಿಂದ ಪುಟಕ್ಕೆ ಜಾರಿ
ಓದಿ ಮುಗಿಸಿದವರ ಹಾಗೆ ಹೊರಟುಹೋಗುತ್ತದೆ.
ನನಗಿನ್ನೂ ಓದುವುದಿದೆ.
ಓದುವುದೆಂದರೇನು, ಸ್ಕ್ಯಾನ್ ಮಾಡುವುದು.
ಪುಟಕ್ಕೆ ನಲವತ್ತು ಪೈಸೆ,
ಹರಿದರೆ ನಮ್ಮ ಕೂಲಿಯಲ್ಲೇ ಮುರಿದುಕೊಳ್ಳುತ್ತಾರೆ.

ಶಿವಮೊಗ್ಗೆಯಲ್ಲಿ ಒಂದು ಕಾಲಕ್ಕೆ,
ರೈಲು ಬರುವ ಮೊದಲು,
'ತುಂಗಾತೀರ ವರ್ತಮಾನ' ಎಂಬ ವಾರಪತ್ರಿಕೆ ಇತ್ತಂತೆ.
ಶನಿವಾರಕ್ಕೊಮ್ಮೆ ನಾಲ್ಕು ಪುಟ.
ಚಂದಾ ಕೊಟ್ಟವರು ಅರವತ್ತೆಂಟು ಮಂದಿ,
ಕೊಡದೆ ಓದಿದವರ ಲೆಕ್ಕ ಇಟ್ಟಿಲ್ಲ.
ಉಳಿದದ್ದು ಒಂದೇ ಹಾಳೆ.
ಅದೂ ಸುದ್ದಿಯದಲ್ಲ, ತಪ್ಪೊಪ್ಪಿಗೆಯದು.

ಸುದ್ದಿ ಏನಿತ್ತೆಂದು ತಪ್ಪೊಪ್ಪಿಗೆಯೇ ಹೇಳುತ್ತದೆ:
ಘಾಟಿ ರಸ್ತೆಯ ಏಳನೇ ಮೈಲಿಗಲ್ಲಿನ ಬಳಿ
ಧರೆ ಕುಸಿದು ಹನ್ನೊಂದು ಮಂದಿ ಒಡ್ಡರು,
ಅದರಲ್ಲಿ ಮೂವರು ಹೆಂಗಸರು,
ಬುಟ್ಟಿ ಹೊತ್ತ ಹಾಗೇ ಮಣ್ಣಿನಡಿ ಹೋದರೆಂಬುದಾಗಿ
ಕಳೆದ ವಾರ ನಾವು ಪ್ರಕಟಿಸಿದ್ದು...

ಮೇಲೆ ಗುಂಡುಸೂಜಿ ಚುಚ್ಚಿದ ಪತ್ರ ದೊರೆಯದು.
ಬಾಗಿದ ಇಂಗ್ಲಿಷು, ಅಡಿಯಲ್ಲಿ ಗುಮಾಸ್ತರ ತರ್ಜುಮೆ:
ಸದರಿ ಸುದ್ದಿ ಸುಳ್ಳು ಎಂದು ಮೊದಲ ಪುಟದಲ್ಲಿ
ದಪ್ಪ ಅಕ್ಷರದಲ್ಲಿ ಒತ್ತತಕ್ಕದ್ದು.
ತಪ್ಪಿದರೆ ಜಾಮೀನು ಹಣ ಜಪ್ತಿ.

ಸಂಪಾದಕರು ಹೊನ್ನಾಳಿ ಕಡೆಯ ಚೆನ್ನವೀರಯ್ಯ,
ಪ್ರೆಸ್ಸಿಗಾಗಿ ಹೆಂಡತಿಯ ಡಾಬು ಅಡವಿಟ್ಟವರು.
ಬರೆದುಕೊಟ್ಟರು. ಇನ್ನೇನು ಮಾಡುತ್ತಾರೆ.
ಮೊಳೆ ಜೋಡಿಸುವವನು ಎಲೀಷ ಸಾಲಿನ್ಸ್.
ಮಂಗಳೂರಿನ ಮಿಶನ್ನಿನಲ್ಲಿ ಕಲಿತು
ಘಟ್ಟ ಹತ್ತಿ ಬಂದವನು, ಅದೇ ದಾರಿಯಲ್ಲಿ, ಕಾಲ್ನಡಿಗೆಯಲ್ಲಿ.
ಕನ್ನಡವನ್ನು ತಲೆಕೆಳಗಾಗಿ ಓದಬಲ್ಲವನು.

ಹಾಳೆ ಈಗ ನನ್ನ ಗಾಜಿನ ಮೇಲಿದೆ.
ಮೊದಲ ಪುಟ, ದಪ್ಪ ಅಕ್ಷರ, ಎಲ್ಲ ಹುಕುಮಿನಂತೆ:

ಕಳೆದ ವಾರದ ಸುದ್ದಿ ಸುಳು.

ಳಕಾರದ ಅಡಿಗೆ ಒತ್ತಿಲ್ಲ.

ಸುಳು. ಮರೆಯಲ್ಲಿ ಏನೋ ಇದೆ ಎಂಬುದರ ಗುರುತು.
ನಾಯಿ ಮೂಸುತ್ತ ಹೋಗುವುದು ಅದನ್ನೇ.
ತಪ್ಪಿಸಿಕೊಂಡ ಎಮ್ಮೆ ಹುಡುಕುವವರು
ಎದುರು ಬಂದವರನ್ನು ಕೇಳುವುದೂ ಅದನ್ನೇ:
ಏನಾದರೂ ಸುಳು ಸಿಕ್ಕಿತಾ?

ಒತ್ತಿನ ಮೊಳೆ ತೀರ ಸಣ್ಣದು, ನುಚ್ಚಕ್ಕಿಯಷ್ಟು.
ಬೆರಳ ಸಂದಿಯಿಂದ ಜಾರಿರಬಹುದು.
ಖಾನೆಯಲ್ಲಿ ತೀರಿರಬಹುದು; ವಾರಕ್ಕೆ
ಹಳ್ಳಿ, ಹಳ್ಳ, ಕಳ್ಳ, ಎಳ್ಳು ಎಂದು ಎಷ್ಟು ಬೇಕಾಗುತ್ತದೋ.
ಇಲಿ ಒಯ್ದಿರಬಹುದು. ಸೀಸವನ್ನು ಇಲಿ ಒಯ್ಯುತ್ತದೆಯೆ?
ವಿಚಾರಣೆಯಲ್ಲಿ ಅವನು ಹೇಳಿದ್ದು ಇಷ್ಟೇ:
"ಖಾವಂದರೆ, ಒತ್ತು ಇರಲಿಲ್ಲ."
ಗುಮಾಸ್ತರು ಅದನ್ನೂ ತರ್ಜುಮೆ ಮಾಡಿದ್ದಾರೆ.
ಇಂಗ್ಲಿಷಿನಲ್ಲಿ ಅದು
ಯಾರ ಒತ್ತಾಯವೂ ಇರಲಿಲ್ಲ ಎಂದಾಗಿದೆ.

ಹಾಳೆ ಮಗುಚಿದೆ, ಬೆನ್ನಿನ ಕಡೆಯೂ ಒಂದು ಪುಟವೇ,
ಅದಕ್ಕೂ ನಲವತ್ತು ಪೈಸೆ.
ಮೂಲೆಯಲ್ಲೊಂದು ಜಾಹೀರಾತು:
ಕೀಲುನೋವಿಗೆ ಬೆಳ್ಳುಳ್ಳಿ ತೈಲ, ಸೀಸೆಗೆ ಎರಡಾಣೆ.
ಬೆಳ್ಳುಳ್ಳಿ.
ಎರಡು ಒತ್ತೂ ಇವೆ, ನೆಟ್ಟಗೆ, ತಮ್ಮ ತಮ್ಮ ಜಾಗದಲ್ಲಿ.

ಆಮೇಲಿನದು ಬರೀ ರಸೀದಿ. ಜಾಮೀನು ಜಪ್ತಿ.
ಮೊಳೆಗಳನ್ನು ತೂಕಕ್ಕೆ ಹಾಕಿ ಮಾರಿದ್ದು,
ಕೊಂಡವರು ತುಂಗೆಯ ಮೀನುಗಾರರು, ಬಲೆಯ ಅಂಚಿಗೆ ಕಟ್ಟಲು.
ಕರಗಿಸಿದರೋ, ಹಾಗೇ ಕಟ್ಟಿದರೋ ಬರೆದಿಲ್ಲ.
ಹಾಗೇ ಕಟ್ಟಿದ್ದರೆ
ಹೊಳೆಯ ತಳದಲ್ಲಿ ಈಗಲೂ ಒಂದು ಕಾಗುಣಿತ ಇರಬೇಕು,
ಕಲ್ಲುಗುಂಡಿನ ಸಂದಿಯಲ್ಲಿ, ತಲೆಕೆಳಗಾಗಿ.

ಸೂಚಿಯಲ್ಲಿ ಶೀರ್ಷಿಕೆ ಟೈಪಿಸಬೇಕು.
ಸುಳು ಎಂದೊಡನೆ ಕೆಂಪು ಗೆರೆ ಬಂತು.
ಬೆನ್ನ ಹಿಂದೆ ಜಬೀವುಲ್ಲಾ ಸರ್ ಬಗ್ಗಿ ನೋಡಿದರು.
"ಒತ್ತು ಬಿಟ್ಟಿದ್ದೀಯಮ್ಮ, ಹಾಕು."
"ಮೂಲದಲ್ಲೇ ಇಲ್ಲ ಸಾರ್."
"ತಪ್ಪು ಅವರದ್ದು. ನೀನ್ಯಾಕೆ ಮಾಡ್ತೀಯ?"
ಅಷ್ಟರಲ್ಲಿ ಟೀ ಬಂತು, ಅವರು ಆ ಕಡೆ ಹೋದರು.

ಕೀಲಿಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತೆ.
ಒತ್ತಲಿಲ್ಲ.

ಮೂವತ್ತೊಂದು ಬಾರ್ ಮೂರು:
ಪೇಟೆ ಬೀದಿಯ ಬೀಡಾಡಿ ದನಗಳ ಬಾಬ್ತು.